ತಲೆನೋವಿನ ಮಾತ್ರೆಯೇ ತಲೆನೋವು ತರ್ತಾ ಇದೆಯಾ? ನನ್ನ ಕ್ಯಾಲೆಂಡರ್ ಲೆಕ್ಕ ನೋಡಿ ಹೇಳಿ

ಸೀಮೆಸುಣ್ಣ · ಭಾನುವಾರ, ಸೆಪ್ಟೆಂಬರ್ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ ನಾನು, ವಯಸ್ಸು 37. ಪಿಯುಸಿ ಓದೋವಾಗಿಂದ ಅರೆತಲೆನೋವಿದೆ. ಆಗೆಲ್ಲ ತಿಂಗಳಿಗೆ ಎರಡು ಸಲ ಬರೋದು. ಬಲಗಣ್ಣಿನ ಹಿಂದೆ ಶುರುವಾಗಿ, ವಾಂತಿ ಆಗಿ, ಕತ್ತಲೆ ಕೋಣೇಲಿ ಮಲಗಿಬಿಟ್ರೆ ಮಾರನೇ ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಏಳ್ತಿದ್ದೆ.

ಈಗ ನಾಲ್ಕು ವರ್ಷದಿಂದ ಹಾಗಿಲ್ಲ. ಬೆಳಿಗ್ಗೆ ಐದಕ್ಕೆ ಎಚ್ಚರ ಆಗೋದೇ ತಲೆನೋವಿನಿಂದ. ಮೊದಲಿನ ಹಾಗೆ ಸಿಡಿಯೋದಲ್ಲ, ಹಣೆ ಸುತ್ತ ಹಗ್ಗ ಬಿಗಿದ ಹಾಗೆ. ಕಾಫಿ ಜೊತೆ ಒಂದು ಮಾತ್ರೆ ನುಂಗಿದ್ರೆ ಹತ್ತು ಗಂಟೆವರೆಗೆ ಪಾಠ ಮಾಡಬಹುದು. ಮಧ್ಯಾಹ್ನ ಮತ್ತೆ ಬಂದ್ರೆ ಮತ್ತೊಂದು. ಬ್ಯಾಗಲ್ಲಿ ಒಂದು ಸ್ಟ್ರಿಪ್, ಸ್ಟಾಫ್ ರೂಮಿನ ಡ್ರಾಯರಲ್ಲಿ ಒಂದು, ಮನೇಲಿ ದೇವರ ಕೋಣೆ ಪಕ್ಕದ ಗೂಡಲ್ಲಿ ಒಂದು. ಸ್ಟ್ರಿಪ್ ಖಾಲಿಯಾಗ್ತಾ ಬಂದ್ರೆ ಒಂಥರಾ ಭಯ ಆಗತ್ತೆ.

ಕಣ್ಣು ತೋರಿಸಿದೆ, ಕನ್ನಡಕ ಸರಿ ಇದೆ. ಸೈನಸ್ ಅಂದ್ರು, ಎಕ್ಸ್‌ರೇ ತೆಗೆಸಿದೆ. ಕೊನೆಗೆ ತಲೆ ಸ್ಕ್ಯಾನ್ ಕೂಡ ಆಯ್ತು, ಎಲ್ಲ ಸರಿ ಇದೆ ಅಂದ್ರು. ಆದರೆ ಇಷ್ಟು ವರ್ಷದಲ್ಲಿ ಯಾರೂ ‘ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಿ’ ಅಂತ ಕೇಳಿರಲಿಲ್ಲ. ಕಳೆದ ತಿಂಗಳು ನಮ್ಮಕ್ಕ ಕೇಳಿದಳು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಗುರುತು ಹಾಕಿದೆ. ಆಗಸ್ಟ್‌ನಲ್ಲಿ 26 ದಿನ ತಲೆನೋವು, 22 ದಿನ ಮಾತ್ರೆ. ನೋಡಿ ನನಗೇ ಕೈ ನಡುಗಿತು.

ಅಕ್ಕ ಹೇಳೋದು, ಮಾತ್ರೆಯಿಂದಲೇ ಹೀಗಾಗ್ತಿದೆ ಅಂತ. ನೋವು ಕಡಿಮೆ ಮಾಡೋ ಮಾತ್ರೆ ನೋವು ಹೆಚ್ಚು ಮಾಡೋದು ನಿಜಾನಾ? ಅನುಭವ ಇರೋರು ದಯವಿಟ್ಟು ಹೇಳಿ.

ಕುದುರೆಮುಖದ_ಮಂಜು · ಭಾನುವಾರ, ರಾತ್ರಿ 10:15

ನಿಜ ಮೇಡಂ. ನಾನೂ ಮೂರು ವರ್ಷದ ಹಿಂದೆ ಇಲ್ಲೇ ಇದ್ದೆ. ನಿಮ್ಮ ‘ಸ್ಟ್ರಿಪ್ ಖಾಲಿಯಾಗೋ ಭಯ’ ಓದಿ ಎದೆ ಝಲ್ ಅಂತು. ನಾಳೆ ವಿವರವಾಗಿ ಬರೀತೀನಿ. ಅಲ್ಲಿವರೆಗೆ ಒಂದೇ ಮಾತು: ನೀವು ಒಬ್ಬರೇ ಅಲ್ಲ, ಇದು ಹೋಗತ್ತೆ.

ಔಷಧಿ_ಅಂಗಡಿ_ಹುಬ್ಬಳ್ಳಿ · ಸೋಮವಾರ, ಬೆಳಿಗ್ಗೆ 7:05

ಮೇಡಂ, ಅಂಗಡ್ಯಾಗ ಕುಂತು ಹತ್ತೊಂಬತ್ತು ವರ್ಷ ಆತು. ‘ತಲಿನೋವಿನ ಗುಳಿಗಿ ಕೊಡ್ರಿ’ ಅಂತ ಬರೋರೊಳಗ ಅರ್ಧ ಮಂದಿ ಹೆಸರು ಸೈತ ಹೇಳೂದಿಲ್ಲ, ಬಣ್ಣ ಹೇಳ್ತಾರ. ದಿನಾ ಮುಂಜಾನೆ ಅಂಗಡಿ ತಗಿಯೂದ ತಡ, ಚಾ ಕುಡಿಯೂಕಿಂತ ಮೊದಲ ಎರಡು ಗುಳಿಗಿ ಒಯ್ಯೋರು ಅದಾರ. ಅವರಿಗೆ ಗುಳಿಗಿ ಕಡಿಮಿ ಆಗಿದ್ದು ನಾ ಒಮ್ಮೆನೂ ನೋಡಿಲ್ಲ. ಎರಡು ಇದ್ದದ್ದು ನಾಕು ಆಗೂದ ನೋಡೇನಿ.

ನೀವು ತಗೊಳ್ಳೂದು ಯಾವುದು, ಅದರ ಹಿಂದ ಏನು ಬರದಾರ, ಅದನ್ನ ಓದ್ರಿ. ಬರೀ ಪ್ಯಾರಾಸಿಟಮಾಲ್ ಐತೋ, ಅದರ ಜೋಡಿ ಕೆಫೀನ್ ಐತೋ? ನಮ್ಮ ಕಡೆ ಹೆಚ್ಚು ಹೋಗೂದು ಎರಡು-ಮೂರು ಔಷಧಿ ಕೂಡಿದ ಗುಳಿಗಿ. ಕೆಫೀನ್ ಅಂದ್ರ ಕಾಫಿಯೊಳಗ ಇರೋದ. ಅದು ನೋವಿನ ಔಷಧಿಗೆ ಜೋರು ಕೊಡತೈತಿ, ಖರೆ. ಆದ್ರ ದಿನಾ ತಗೊಂಡು ಒಂದಿನ ಬಿಟ್ರ ಅದ ತಲಿನೋವು ತರತೈತಿ. ರವಿವಾರ ತಡಾ ಮಾಡಿ ಎದ್ದಾಗ ತಲಿ ಹಿಡಿತೈತಿ ಅಂತಾರಲ್ಲ, ಅದರೊಳಗ ಕಾಫಿ-ಚಾ ತಡಾ ಆಗಿದ್ದರ ಪಾಲೂ ಇರತೈತಿ.

ಅಂಗಡ್ಯಾಗ ಸಿಗತೈತಿ ಅಂದಮ್ಯಾಗ ದಿನಾ ನುಂಗಾಕ ತೊಂದರಿಲ್ಲ ಅಂತ ತಿಳೀಬ್ಯಾಡ್ರಿ. ಒಂದು ಕಾಲಕ್ಕ ಫೆನಾಸಿಟಿನ್ ಅನ್ನೂದು ಜಗತ್ತಿನ ತುಂಬ ತಲಿನೋವಿನ ಗುಳಿಗಿಯೊಳಗ ಇತ್ತು. ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡ ಹಾಳಾದ್ವು, 1983ರಾಗ ನಮ್ಮ ದೇಶದಾಗೂ ಅದನ್ನ ನಿಷೇಧ ಮಾಡಿದ್ರು. 2018ರಾಗ ಕೇಂದ್ರ ಸರಕಾರ 328 ಕೂಡು-ಔಷಧಿ ಒಮ್ಮೆಗೆ ನಿಷೇಧ ಮಾಡ್ತು, ಅದರೊಳಗ ಕೆಲವಕ್ಕ ಸುಪ್ರೀಂ ಕೋರ್ಟ್ ಆಮ್ಯಾಗ ಮಾರಾಕ ಬಿಡ್ತು.

ಸೀಮೆಸುಣ್ಣ · ಸೋಮವಾರ, ಮಧ್ಯಾಹ್ನ 1:20

ಊಟದ ಬಿಡುವಲ್ಲಿ ಓದಿದೆ. ಸ್ಟ್ರಿಪ್ಪಿನ ಹಿಂದೆ ಪ್ಯಾರಾಸಿಟಮಾಲ್, ಕೆಫೀನ್, ಇನ್ನೊಂದು ನೋವಿನ ಔಷಧಿ, ಮೂರೂ ಇದೆ. ವಾರದಲ್ಲಿ ಮೂರು ದಿನ ಇದು, ಮಿಕ್ಕ ದಿನ ಬರೀ ಪ್ಯಾರಾಸಿಟಮಾಲ್ 650. ಒಂದೇ ಮಾತ್ರೆ ದಿನಾ ತಗೋಬಾರದು ಅಂತ ನಾನೇ ಬದಲಾಯಿಸಿ ತಗೋತಿದ್ದೆ.

ನರವೈದ್ಯೆ_ಮೈಸೂರು · ಸೋಮವಾರ, ರಾತ್ರಿ 8:50

ನಾನು ನರರೋಗ ವೈದ್ಯೆ. ಇಲ್ಲಿ ಕೂತು ಯಾರಿಗೂ ಚಿಕಿತ್ಸೆ ಬರೆದುಕೊಡಲಾರೆ, ಆದರೆ ವಿಷಯ ಹೇಳಬಲ್ಲೆ.

ನಿಮ್ಮ ಅಕ್ಕ ಹೇಳಿದ್ದು ಸರಿ. ಇದನ್ನು ಔಷಧ ಅತಿಬಳಕೆಯ ತಲೆನೋವು ಎನ್ನುತ್ತೇವೆ. ಹೊಸ ಸಂಗತಿಯೂ ಅಲ್ಲ. 1951ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಪೀಟರ್ಸ್ ಮತ್ತು ಹಾರ್ಟನ್, ಎರ್ಗೋಟಮೈನ್ ಎಂಬ ಮೈಗ್ರೇನ್ (ಅರೆತಲೆನೋವು) ಔಷಧವನ್ನು ಪದೇ ಪದೇ ತೆಗೆದುಕೊಳ್ಳುವವರಿಗೆ ದಿನವೂ ತಲೆನೋವು ಬರುವುದನ್ನೂ, ಬಿಡಿಸಿದರೆ ಸುಧಾರಿಸುವುದನ್ನೂ ಬರೆದಿಟ್ಟಿದ್ದಾರೆ.

ನಾವು ನೋಡುವ ಲೆಕ್ಕ ಹೀಗಿದೆ. ಮೊದಲೇ ತಲೆನೋವಿನ ಕಾಯಿಲೆ ಇರುವವರಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿರಬೇಕು, ಮತ್ತು ಮೂರು ತಿಂಗಳಿಗೂ ಮೇಲ್ಪಟ್ಟು ಔಷಧ ಮಿತಿ ಮೀರಿರಬೇಕು. ಬರೀ ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್ ತರಹದವಕ್ಕೆ ಮಿತಿ ತಿಂಗಳಿಗೆ 15 ದಿನ. ಕೂಡು-ಮಾತ್ರೆಗಳು, ಟ್ರಿಪ್ಟಾನ್‌ಗಳು (ಮೈಗ್ರೇನ್‌ಗೆಂದೇ ಇರುವ ಮಾತ್ರೆಗಳು), ಎರ್ಗೋಟಮೈನ್, ಅಫೀಮು ತರಹದ ನೋವಿನ ಔಷಧಗಳಾದ ಕೊಡೀನ್, ಟ್ರಮಡಾಲ್ ಇವಕ್ಕೆ 10 ದಿನ ಮಾತ್ರ. ಲೆಕ್ಕ ಮಾತ್ರೆಗಳದ್ದಲ್ಲ, ದಿನಗಳದ್ದು. ಒಂದೇ ದಿನ ಮೂರು ಮಾತ್ರೆ ತೆಗೆದುಕೊಂಡು ವಾರವಿಡೀ ಸುಮ್ಮನಿದ್ದವರಿಗಿಂತ, ದಿನಕ್ಕೆ ಒಂದೇ ಒಂದರಂತೆ ಬಿಡದೆ ನುಂಗುವವರು ಈ ಬಲೆಗೆ ಬೇಗ ಬೀಳುತ್ತಾರೆ. ಸೀಮೆಸುಣ್ಣ ಅವರೇ, ಮಾತ್ರೆ ಬದಲಾಯಿಸುತ್ತಿದ್ದೆ ಎಂದಿರಿ. ಎಚ್ಚರಿಕೆಯಿಂದಲೇ ಮಾಡಿದ್ದೀರಿ, ಆದರೆ ಈ ಕಾಯಿಲೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಎಣಿಸಬೇಕು.

ಹೇಗೆ ಆಗುತ್ತದೆ? ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ದಾರಿ ಔಷಧಕ್ಕೆ ಒಗ್ಗಿಹೋಗಿ, ಔಷಧದ ಅಂಶ ಇಳಿಯುತ್ತಿದ್ದಂತೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮುಂಚೆ ಲೆಕ್ಕಕ್ಕೇ ಬಾರದಿದ್ದ ಬಿಸಿಲು, ಒಂದು ಹೊತ್ತಿನ ಉಪವಾಸ, ಗಲಾಟೆ, ನಿದ್ದೆಗೇಡು ಈಗ ನೋವು ಎಬ್ಬಿಸುತ್ತವೆ. ನಸುಕಿನಲ್ಲಿ ನೋವಿನಿಂದಲೇ ಎಚ್ಚರವಾಗುವುದು ಇದರಲ್ಲಿ ತುಂಬ ಸಾಮಾನ್ಯ. ರಾತ್ರಿಯಿಡೀ ಔಷಧವಿಲ್ಲದೆ ಕಳೆದಿರುತ್ತದಲ್ಲ.

ನಮ್ಮಲ್ಲಿ ಇದು ಎಷ್ಟಿದೆ ಎಂಬುದಕ್ಕೆ ನಿಮ್ಹಾನ್ಸ್ ತಂಡದ ಸಮೀಕ್ಷೆಯಿದೆ, 2015ರಲ್ಲಿ ಪ್ರಕಟವಾದದ್ದು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ಮಾತಾಡಿಸಿದ್ದರು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ. 63.9, ಮೈಗ್ರೇನ್ ಇದ್ದವರು ಶೇ. 25ರಷ್ಟು, ತಿಂಗಳಲ್ಲಿ ಹದಿನೈದು ದಿನ ಅಥವಾ ಹೆಚ್ಚು ತಲೆನೋವಿದ್ದವರು ಶೇ. 3. ಔಷಧ ಅತಿಬಳಕೆಯಿಂದ ಬಂದಿರಬಹುದಾದದ್ದು ಶೇ. 1.2. ಸಣ್ಣದಾಗಿ ಕಾಣುತ್ತದೆ, ಅಲ್ಲವೇ? ನೂರು ವಯಸ್ಕರಿರುವ ಬೀದಿಯಲ್ಲಿ ಒಬ್ಬರು. ಆ ಒಬ್ಬರು ಹೆಚ್ಚಾಗಿ ಹೆಂಗಸು. ಮನೆಯವರು ಅವರನ್ನು ‘ಇವಳಿಗೆ ಯಾವಾಗಲೂ ತಲೆನೋವು’ ಎಂದು ಬಿಟ್ಟಿರುತ್ತಾರೆ. ನನ್ನ ಹತ್ತಿರ ಬರುವ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ನೋವನ್ನು ಹೇಳಿಕೊಳ್ಳುವುದನ್ನೇ ನಿಲ್ಲಿಸಿರುತ್ತಾರೆ. ನನಗೆ ಅತಿ ಬೇಸರ ತರುವುದು ಅದು.

ಬಯಲುಸೀಮೆ · ಸೋಮವಾರ, ರಾತ್ರಿ 10:30

ಡಾಕ್ಟ್ರೇ, ಗೌರವದಿಂದಲೇ ಕೇಳ್ತೀನಿ. ನಮ್ಮಮ್ಮ ಮಂಡಿನೋವಿಗೆ ಎಂಟು ವರ್ಷದಿಂದ ಹೆಚ್ಚುಕಮ್ಮಿ ದಿನಾ ನೋವಿನ ಮಾತ್ರೆ ತಗೋತಾರೆ. ಒಂದು ದಿನ ತಲೆನೋವು ಅಂದಿಲ್ಲ. ಮಾತ್ರೆ ತಲೆನೋವು ತರೋದಾದ್ರೆ ಅವರಿಗೂ ಬರಬೇಕಿತ್ತಲ್ವಾ? ಇನ್ನೊಂದು, ತಲೆನೋವು ಜಾಸ್ತಿ ಆದವರು ಮಾತ್ರೆ ಜಾಸ್ತಿ ತಗೋತಾರೆ ಅನ್ನೋದು ಸಹಜ. ಮಾತ್ರೆಯಿಂದ ನೋವು ಬಂತೋ, ನೋವಿನಿಂದ ಮಾತ್ರೆ ಹೆಚ್ಚಾಯ್ತೋ, ಹೆಂಗೆ ಹೇಳ್ತೀರಿ?

ನರವೈದ್ಯೆ_ಮೈಸೂರು · ಮಂಗಳವಾರ, ಬೆಳಿಗ್ಗೆ 6:30

ಒಳ್ಳೆಯ ಪ್ರಶ್ನೆ. ನಮ್ಮ ವೈದ್ಯರ ನಡುವೆಯೂ ಇದೇ ವಾದ ನಡೆಯುತ್ತಿದೆ.

ನಿಮ್ಮ ತಾಯಿಗೆ ಬಾರದಿರುವುದು ವಿಚಿತ್ರವಲ್ಲ. ತಲೆನೋವಿನ ಗುಣವೇ ಇಲ್ಲದವರು ಕೀಲುನೋವಿಗೆ ದಿನವೂ ಮಾತ್ರೆ ತೆಗೆದುಕೊಂಡರೂ ಅವರಿಗೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ಮೈಗ್ರೇನ್ ಇರುವವರು ಅದೇ ಮಾತ್ರೆಯನ್ನು ಕೀಲುನೋವಿಗೆಂದು ತೆಗೆದುಕೊಂಡರೂ ಬರುತ್ತದೆ. ದೊಡ್ಡಕರುಳು ತೆಗೆಸಿಕೊಂಡವರಲ್ಲೂ ಹೀಗೇ ಕಂಡಿದೆ. ಭೇದಿ ತಡೆಯಲೆಂದು ಕೊಡೀನ್ ತರಹದ ಔಷಧ ತೆಗೆದುಕೊಂಡವರ ಪೈಕಿ, ಮೊದಲೇ ಮೈಗ್ರೇನ್ ಇದ್ದವರಿಗೆ ದಿನನಿತ್ಯದ ತಲೆನೋವು ಶುರುವಾಯಿತು. ಅವರು ತಲೆನೋವಿಗಾಗಿ ಔಷಧ ತೆಗೆದುಕೊಂಡವರೇ ಅಲ್ಲ. ಮಾತ್ರೆಯ ಪಾಲೂ ಇದೆ ಎಂದು ನಾನು ನಂಬುವುದು ಇಂಥವನ್ನು ನೋಡಿ.

ಎರಡನೆಯದರಲ್ಲಿ ನಿಮ್ಮ ಮಾತಿಗೂ ತೂಕವಿದೆ. ಕೆಲವರಲ್ಲಿ ಮೈಗ್ರೇನ್ ತಾನಾಗಿಯೇ ಬಿಗಡಾಯಿಸಿ, ಮಾತ್ರೆ ಅದರ ಹಿಂದೆ ಬಂದಿರುತ್ತದೆ. ಅಮೆರಿಕದಲ್ಲಿ 720 ರೋಗಿಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಲೆನೋವು ಬಾರದಂತೆ ತಡೆಯುವ ಔಷಧ ಶುರುಮಾಡಿ ಹಳೆಯ ಮಾತ್ರೆಯನ್ನು ಹಾಗೇ ಮುಂದುವರಿಸಿದವರೂ, ಮಾತ್ರೆ ಬದಲಿಸಿ ವಾರಕ್ಕೆ ಎರಡು ದಿನಕ್ಕೆ ಇಳಿಸಿದವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದರು. ಡೆನ್ಮಾರ್ಕ್‌ನಲ್ಲಿ 2020ರಲ್ಲಿ ಬಂದ ಫಲಿತಾಂಶ ಬೇರೆ: ಮಾತ್ರೆ ನಿಲ್ಲಿಸುವುದು ಮತ್ತು ತಡೆಯುವ ಔಷಧ ಎರಡನ್ನೂ ಒಟ್ಟಿಗೆ ಮಾಡಿದಾಗ ಹೆಚ್ಚು ಜನ ಈ ಬಲೆಯಿಂದ ಹೊರಬಂದರು. ನಾನು ಡೆನ್ಮಾರ್ಕ್‌ನ ದಾರಿಯನ್ನೇ ಹಿಡಿಯುತ್ತೇನೆ. ಹೇಗೇ ಆಗಲಿ, ಸುಮ್ಮನೆ ನುಂಗುತ್ತಾ ಹೋಗಿ ಎಂದು ಯಾವ ಪ್ರಯೋಗವೂ ಹೇಳಿಲ್ಲ.

ಇನ್ನು, ತಲೆನೋವು ಬರಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ತಾಯಿಯ ಮಾತ್ರೆ ನಿರಪಾಯವೆಂದಲ್ಲ. ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡ ಇವೆಲ್ಲ ಇವೆ. ಎಂಟು ವರ್ಷವಾಗಿದ್ದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ.

ಬಯಲುಸೀಮೆ · ಮಂಗಳವಾರ, ಬೆಳಿಗ್ಗೆ 9:10

ಮಾಡಿಸ್ತೀನಿ. ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಡಾಕ್ಟ್ರೇ.

ಕುದುರೆಮುಖದ_ಮಂಜು · ಮಂಗಳವಾರ, ರಾತ್ರಿ 9:00

ಬರೀತೀನಿ ಅಂದಿದ್ದೆ. ನನ್ನದು ಲೆಕ್ಕಪತ್ರದ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ. ದಿನಕ್ಕೆ ಎರಡು ಕೂಡು-ಮಾತ್ರೆ, ಐದು ಲೋಟ ಕಾಫಿ. ಹೀಗೆ ಎರಡು ವರ್ಷ. ಡಾಕ್ಟರು ‘ಒಂದೇ ಸಲ ನಿಲ್ಲಿಸಿ, ಮೊದಲ ವಾರ ನರಕ, ಆಮೇಲೆ ನಿಮಗೇ ಗೊತ್ತಾಗತ್ತೆ’ ಅಂದ್ರು. ನರಕ ಅಂತ ಮುಂಚೆಯೇ ಹೇಳಿದ್ದಕ್ಕೆ ಅವರಿಗೆ ಇವತ್ತಿಗೂ ಋಣಿ. ಹೇಳದೇ ಇದ್ದಿದ್ರೆ ಎರಡನೇ ದಿನವೇ ಅಂಗಡಿಗೆ ಓಡ್ತಿದ್ದೆ.

ಮೊದಲ ದಿನ ಪರವಾಗಿಲ್ಲ. ಎರಡನೇ ದಿನ ರಾತ್ರಿಯಿಂದ ಶುರು. ವಾಂತಿ, ಬೆವರು, ನಿದ್ದೆ ಇಲ್ಲ, ಕಾಲು ಸುಮ್ಮನೆ ಇರ್ತಿರ್ಲಿಲ್ಲ. ಹೆಂಡತಿ ಮೇಲೆ ರೇಗಿದೆ, ಮಗು ಅತ್ತರೆ ಕಿವಿ ಮುಚ್ಚಿಕೊಂಡೆ. ಮೂರು, ನಾಲ್ಕನೇ ದಿನ ಹಾಗೇ. ಐದನೇ ದಿನ ಮಧ್ಯಾಹ್ನ ಸ್ವಲ್ಪ ಸಡಿಲ ಆಯ್ತು. ಎಂಟನೇ ದಿನ ತೋಟದ ಕಡೆ ನಡ್ಕೊಂಡು ಹೋದೆ, ವಾಪಸ್ ಬರೋವಾಗ ಗೊತ್ತಾಯ್ತು, ತಲೆ ಬಗ್ಗೆ ಯೋಚನೆ ಮಾಡದೆ ಅರ್ಧ ಗಂಟೆ ಕಳೆದಿದ್ದೀನಿ ಅಂತ. ಅಲ್ಲೇ ಬೇಲಿ ಪಕ್ಕ ಕೂತು ಅತ್ತುಬಿಟ್ಟೆ.

ಎರಡು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಮಾತ್ರೆ, ಕಾಫಿ ಎರಡನ್ನೂ ಒಂದೇ ದಿನ ಬಿಟ್ಟೆ. ಕಾಫಿ ವಾರಕ್ಕೊಂದು ಲೋಟದ ಹಾಗೆ ಇಳಿಸಬಹುದಿತ್ತು. ಮತ್ತೆ ಆಫೀಸಿಗೆ ರಜೆ ಹಾಕಲಿಲ್ಲ. ಹತ್ತು ದಿನ ರಜೆ ಹಾಕಿ, ಮನೆಯವರಿಗೆ ಎಲ್ಲಾ ಮುಂಚೆ ಹೇಳಿ ಶುರುಮಾಡಿ.

ಮಳೆಗಾಲದ_ಲೀಡ್ಸ್ · ಬುಧವಾರ, ಬೆಳಿಗ್ಗೆ 3:45

ಇಂಗ್ಲೆಂಡಿನಿಂದ. ನಾನು ಉಡುಪಿಯವಳು, ಇಲ್ಲಿ ನರ್ಸ್ ಕೆಲಸ. ಇಲ್ಲಿಯೂ ಇದು ಬೇಕಾದಷ್ಟು ಉಂಟು. ಆದರೆ ಇಲ್ಲಿ ಪೆಟ್ಟಿಗೆ ಮೇಲೆಯೇ ಎಚ್ಚರಿಕೆ ಉಂಟು. ಡಾಕ್ಟರ ಚೀಟಿ ಇಲ್ಲದೆ ಸಿಗುವ ಕೊಡೀನ್ ಮಾತ್ರೆಯ ಪೊಟ್ಟಣದಲ್ಲಿ, ಚಟ ಹಿಡಿಯಬಹುದು, ಮೂರು ದಿನಕ್ಕಿಂತ ಹೆಚ್ಚು ಬೇಡ ಅಂತ 2009ರ ನಂತರ ದೊಡ್ಡದಾಗಿ ಬರೆದಿರ್ತಾರೆ. ಸರ್ಕಾರದ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ, ಅತಿಯಾದ ತಲೆನೋವಿನ ಔಷಧವನ್ನು ಕಡಿಮೆ ಅಂದರೂ ಒಂದು ತಿಂಗಳು, ಒಮ್ಮೆಲೇ ನಿಲ್ಲಿಸಬೇಕು ಅಂತ ಉಂಟು. ಊರಿಗೆ ಬಂದಾಗ ನನ್ನ ದೊಡ್ಡಮ್ಮನ ದಿಂಬಿನ ಅಡಿಯಲ್ಲಿ ನಾಲ್ಕು ಬಗೆಯ ಮಾತ್ರೆ ಸಿಕ್ಕಿತು. ಒಂದರ ಮೇಲೂ ಕನ್ನಡದಲ್ಲಿ ಒಂದಕ್ಷರ ಇರಲಿಲ್ಲ. ಓದಲಿಕ್ಕೇ ಆಗದ ಎಚ್ಚರಿಕೆ ಯಾರಿಗೆ?

ನರವೈದ್ಯೆ_ಮೈಸೂರು · ಬುಧವಾರ, ಬೆಳಿಗ್ಗೆ 7:00

ಒಂದು ತಿದ್ದುಪಡಿ ಸೇರಿಸಲೇಬೇಕು. ಒಮ್ಮೆಲೇ ನಿಲ್ಲಿಸುವುದು ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಟ್ರಿಪ್ಟಾನ್ ತರಹದವಕ್ಕೆ. ಕೊಡೀನ್, ಟ್ರಮಡಾಲ್ ಅಥವಾ ನಿದ್ದೆ ಬರಿಸುವ ಔಷಧ ಸೇರಿದ್ದರೆ ಹಾಗೆ ಮಾಡಬೇಡಿ, ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಗರ್ಭಿಣಿಯರು, ಹೃದ್ರೋಗವಿರುವವರು ಸ್ವಂತ ನಿರ್ಧಾರ ಮಾಡಲೇಬೇಡಿ.

ಸಿಡಿಲಿನಂತೆ ಒಮ್ಮೆಲೇ ಎರಗಿದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ತಲೆಗೆ ಪೆಟ್ಟಾದ ಮೇಲಿನ ನೋವು: ಇವು ಯಾವುವೂ ಈ ಚರ್ಚೆಯ ತಲೆನೋವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಿ.

ತುಮಕೂರಿನ_ಮಗ · ಬುಧವಾರ, ರಾತ್ರಿ 8:20

ಇದನ್ನೆಲ್ಲ ಓದಿ ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಅಮ್ಮನಿಗೆ 58, ಮೂವತ್ತು ವರ್ಷದಿಂದ ಅರೆತಲೆನೋವು. ಸ್ಟ್ರಿಪ್ ಹಿಂದೆ ಎರ್ಗೋಟಮೈನ್, ಕೆಫೀನ್, ಪ್ಯಾರಾಸಿಟಮಾಲ್, ಇನ್ನೊಂದು ವಾಂತಿ ಮಾತ್ರೆ ಹೆಸರು ಇದೆ. ದಿನಾ ಒಂದು, ಕೆಲವು ದಿನ ಎರಡು. ಇತ್ತೀಚೆಗೆ ಕಾಲಿನ ಬೆರಳು ತಣ್ಣಗಿರತ್ತೆ, ಜೋಮು ಹಿಡಿಯತ್ತೆ ಅಂತಿದ್ರು. ವಯಸ್ಸಾಯ್ತು ಅಂತ ನಾವು ಸುಮ್ಮನಿದ್ವಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ನರವೈದ್ಯೆ_ಮೈಸೂರು · ಬುಧವಾರ, ರಾತ್ರಿ 8:35

ಇರಬಹುದು. ಈಗಲೇ ವೈದ್ಯರಿಗೆ ಫೋನ್ ಮಾಡಿ. ಎರ್ಗೋಟಮೈನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ದಿನವೂ ತೆಗೆದುಕೊಂಡರೆ ಕೈಕಾಲಿನ ಬೆರಳಿಗೆ ರಕ್ತ ಸಾಲದೆ ಹೋಗಬಹುದು. ಬೆರಳು ನೀಲಿಯಾಗಿದ್ದರೆ ಅಥವಾ ನೋವಿದ್ದರೆ ಬೆಳಗಿನವರೆಗೆ ಕಾಯಬೇಡಿ, ಇವತ್ತು ರಾತ್ರಿಯೇ ಕರೆದುಕೊಂಡು ಹೋಗಿ. ಸ್ಟ್ರಿಪ್ ಕೈಯಲ್ಲೇ ಇರಲಿ.

ಔಷಧಿ_ಅಂಗಡಿ_ಹುಬ್ಬಳ್ಳಿ · ಬುಧವಾರ, ರಾತ್ರಿ 8:50

ತಮ್ಮಾ, ಇನ್ನೊಂದು ಮಾತು ಹೇಳಾಕಬೇಕು ಡಾಕ್ಟರಿಗೆ. ಇತ್ತೀಚಿಗೆ ಕೆಮ್ಮು-ಗಂಟಲಿಗಂತ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಏನರ ತಗೊಂಡಾರೇನು, ಅದನ್ನೂ ಹೇಳ್ರಿ. ಎರಡೂ ಕೂಡಿದ್ರ ಎರ್ಗೋಟಮೈನ್ ಮೈಯೊಳಗ ಏರಿ ಭಾಳ ಅಪಾಯ.

ತುಮಕೂರಿನ_ಮಗ · ಗುರುವಾರ, ಮಧ್ಯಾಹ್ನ 12:05

ಬೆರಳು ನೀಲಿ ಇರಲಿಲ್ಲ, ನೋವೂ ಇರಲಿಲ್ಲ. ರಾತ್ರಿ ಫೋನಲ್ಲೇ ಮಾತ್ರೆ ನಿಲ್ಲಿಸೋಕೆ ಹೇಳಿದ್ರು. ಬೆಳಿಗ್ಗೆ ತೋರಿಸಿದೆ, ನಾಡಿ ನೋಡಿದ್ರು, ಕಾಲಿಗೆ ರಕ್ತ ಸರಿಯಾಗಿ ಹರೀತಿದೆಯಾ ನೋಡೋ ಡಾಪ್ಲರ್ ಸ್ಕ್ಯಾನ್ ಬರೆದಿದ್ದಾರೆ. ಅಮ್ಮ ಡಾಕ್ಟರ ಮುಂದೆ ‘ಇದಿಲ್ಲದೆ ಅಡುಗೆ ಮಾಡೋಕೆ ಆಗಲ್ಲ’ ಅಂದ್ರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅದು ನನ್ನ ಕಿವಿಗೆ ಬಿತ್ತು.

ಸೀಮೆಸುಣ್ಣ · ಶನಿವಾರ, ಸೆಪ್ಟೆಂಬರ್ 28, ಸಂಜೆ 6:15

ನರರೋಗ ವೈದ್ಯರನ್ನ ನೋಡಿ ಬಂದೆ. ಕ್ಯಾಲೆಂಡರ್ ಹರಿದುಕೊಂಡು ಹೋಗಿದ್ದೆ. ಅವರು ಮೊದಲು ಕೈಗೆತ್ತಿಕೊಂಡಿದ್ದು ಅದನ್ನೇ, ಸ್ಕ್ಯಾನ್ ಆಮೇಲೆ ನೋಡಿದ್ರು. ತಲೆನೋವು ಬಾರದ ಹಾಗೆ ತಡೆಯೋಕೆ ರಾತ್ರಿ ಅಮಿಟ್ರಿಪ್ಟಿಲೀನ್ 10 ಮಿಲಿಗ್ರಾಂ ಶುರು. ತಲೆನೋವಿನ ಮಾತ್ರೆ ದಸರಾ ರಜೆಯಲ್ಲಿ ಪೂರ್ತಿ ಬಂದ್. ವಾಂತಿಗೆ ಬೇರೆ ಕೊಟ್ಟಿದ್ದಾರೆ. ಮಂಜು ಅವರು ಬರೆದಿದ್ದನ್ನ ಮನೆಯವರಿಗೆ, ಅತ್ತೆಗೆ ಓದಿ ಹೇಳಿದೆ. ಮೂರೂ ಸ್ಟ್ರಿಪ್ ಅತ್ತೆ ಕೈಗೆ ಕೊಟ್ಟೆ.

ಸೀಮೆಸುಣ್ಣ · ಸೋಮವಾರ, ಅಕ್ಟೋಬರ್ 7, ಮಧ್ಯರಾತ್ರಿ 2:10

ನಾಲ್ಕನೇ ದಿನ. ಬರೆಯೋಕೂ ಆಗ್ತಿಲ್ಲ. ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂತಿದ್ದಾರೆ. ಸ್ಟ್ರಿಪ್ ಎಲ್ಲಿಟ್ಟಿದ್ದೀರಿ ಅಂತ ಎರಡು ಸಲ ಕೇಳಿದೆ, ಹೇಳಲಿಲ್ಲ.

ಕುದುರೆಮುಖದ_ಮಂಜು · ಸೋಮವಾರ, ಮಧ್ಯರಾತ್ರಿ 2:25

ಎಚ್ಚರ ಇದ್ದೀನಿ. ನೀರು ಕುಡೀತಾ ಇರಿ. ಇದೇ ಅತಿ ಕಷ್ಟದ ಗಂಟೆ. ನನಗೂ ನಾಲ್ಕನೇ ರಾತ್ರಿ ಹೀಗೇ ಇತ್ತು.

ಸೀಮೆಸುಣ್ಣ · ಸೋಮವಾರ, ಅಕ್ಟೋಬರ್ 14, ಬೆಳಿಗ್ಗೆ 6:40

ಇವತ್ತು ಎದ್ದು, ಒಲೆ ಹಚ್ಚಿ, ಹಾಲು ಉಕ್ಕಿದ ಮೇಲೆ ನೆನಪಾಯ್ತು: ತಲೆನೋವು ಇಲ್ಲ. ಹಾಗೇ ನಿಂತುಬಿಟ್ಟೆ.

ಸೀಮೆಸುಣ್ಣ · ಭಾನುವಾರ, ಡಿಸೆಂಬರ್ 1, ರಾತ್ರಿ 9:00

ನವೆಂಬರ್ ಲೆಕ್ಕ: 7 ದಿನ ತಲೆನೋವು, 4 ದಿನ ಮಾತ್ರೆ. ಹಳೇ ಅರೆತಲೆನೋವು ಎರಡು ಸಲ ಬಂತು, ಅದೇ ಬಲಗಣ್ಣಿನ ಹಿಂದೆ. ವಿಚಿತ್ರ ಅನ್ನಿಸಬಹುದು, ಅದು ಬಂದಾಗ ಒಂದು ನೆಮ್ಮದಿ ಆಯ್ತು, ಇದು ನನ್ನ ಗುರುತಿನ ನೋವು ಅಂತ. ಮಾತ್ರೆ ಒಂದಕ್ಕೇ ಕೇಳಿತು. ಮೊದಲ ವರ್ಷದಲ್ಲಿ ಎಷ್ಟೋ ಜನ ಮತ್ತೆ ಹಳೇ ದಾರಿಗೆ ಹೋಗ್ತಾರೆ ಅಂತ ಡಾಕ್ಟರ್ ಎಚ್ಚರಿಸಿದ್ದಾರೆ. ವಾರಕ್ಕೆ ಎರಡು ದಿನ ದಾಟಬಾರದು ಅನ್ನೋದು ಈಗ ನಮ್ಮನೇಲಿ ಎಲ್ಲರಿಗೂ ಗೊತ್ತು, ನಾಲ್ಕನೇ ಕ್ಲಾಸಿನ ಮಗಳಿಗೂ.

ತುಮಕೂರಿನ_ಮಗ · ಭಾನುವಾರ, ರಾತ್ರಿ 9:35

ಓದಿ ತುಂಬ ಖುಷಿ ಆಯ್ತು ಮೇಡಂ. ಅಮ್ಮನ ಕಾಲಿನ ಜೋಮು ಹೋಗಿದೆ. ತಲೆನೋವು ಇನ್ನೂ ವಾರಕ್ಕೆ ಮೂರು ದಿನ ಇದೆ, ಆದರೆ ಈಗ ಬಂದಾಗ ಹೇಳ್ತಾರೆ. ಕ್ಯಾಲೆಂಡರಲ್ಲಿ ನೀವು ಹೇಗೆ ಗುರುತು ಹಾಕ್ತೀರಿ? ಅಮ್ಮನಿಗೆ ಓದೋಕೆ ಬರಲ್ಲ.

ಸೀಮೆಸುಣ್ಣ · ಭಾನುವಾರ, ರಾತ್ರಿ 9:50

ಓದೋಕೆ ಬರಬೇಕಾಗೇ ಇಲ್ಲ. ದೊಡ್ಡ ಚೌಕದ ಕ್ಯಾಲೆಂಡರ್ ತನ್ನಿ, ಒಲೆ ಪಕ್ಕದ ಗೋಡೆಗೆ ತೂಗುಹಾಕಿ. ನೋವು ಬಂದ ದಿನ ಒಂದು ಗೆರೆ. ಮಾತ್ರೆ ತಗೊಂಡ ದಿನ ಆ ಗೆರೆ ಮೇಲೆ ಒಂದು ಬೊಟ್ಟು. ತಿಂಗಳ ಕೊನೇಲಿ ಬೊಟ್ಟು ಮಾತ್ರ ಎಣಿಸಿ. ಪೆನ್ಸಿಲ್‌ಗೆ ದಾರ ಕಟ್ಟಿ ಅಲ್ಲೇ ನೇತುಹಾಕಿ, ಅಮ್ಮನೇ ಹಾಕಲಿ.